ಮದುವೆ ಮತ್ತು 40 ಜನರ ಮಿತಿ: ಗ್ರಾಮಗಳಲ್ಲಿ ನಿಯಮ ಪಾಲನೆ ಕುರಿತು ವಿವರಣೆ

ಕೋವಿಡ್-19ರ ಎರಡನೆಯ ಅಲೆಯ ನಿರ್ಬಂಧಗಳು ಹಂತ ಹಂತವಾಗಿ ಸಡಿಲಗೊಳ್ಳುತ್ತಿದ್ದಾಗ, 2021ರ ಜೂನ್ 28ರಿಂದ ಕಲ್ಯಾಣ ಮಂಟಪ, ಹೋಟೆಲ್ ಮುಂತಾದ ಸ್ಥಳಗಳಲ್ಲಿ 40 ಜನರಿಗೆ ಮೀರದಂತೆ ವಿವಾಹ ನಡೆಸಲು ರಾಜ್ಯ ಸರ್ಕಾರವು ಅವಕಾಶ ನೀಡಿತ್ತು. ಆ ವರ್ಷದ ಅಕ್ಷಯ ತೃತೀಯ ಮೇ 14ರಂದು, ಲಾಕ್‌ಡೌನ್‌ನ ನಡುವೆಯೇ ಬಂದು ಹೋಗಿತ್ತು. ಆಗ ಮುಂದೂಡಿದ ಮದುವೆಗಳನ್ನು ಜುಲೈ 11ರಂದು ಆಷಾಢ ಹಿಡಿಯುವುದರೊಳಗೆ ಮುಗಿಸಿಬಿಡುವ ಅವಸರ ಹಳ್ಳಿಗಳಲ್ಲಿ ಕಂಡುಬಂದಿತ್ತು.

2020ರ ಮೇ ತಿಂಗಳಲ್ಲಿ ಮಿತಿ 50 ಇತ್ತು. ಆ ಬಳಿಕ ಅದು ಏರಿತು, 2021ರ ಏಪ್ರಿಲ್‌ನಲ್ಲಿ ಮತ್ತೆ 50ಕ್ಕೆ ಇಳಿಯಿತು, ಮೇ ತಿಂಗಳಲ್ಲಿ ಮದುವೆಗಳು ಮನೆಯಂಗಳಕ್ಕೇ ಸೀಮಿತಗೊಂಡವು. ಸಂಖ್ಯೆ ಹೀಗೆ ಬದಲಾಗುತ್ತಿದ್ದಾಗ ಜನರಲ್ಲಿ ಗೊಂದಲ ಮೂಡುವುದು ಸಹಜವಾಗಿತ್ತು. ಮಂಟಪ ಕಾಯ್ದಿರಿಸಿದ ದಿನದ ಆದೇಶವಲ್ಲ, ಮುಹೂರ್ತದ ದಿನ ಜಾರಿಯಲ್ಲಿದ್ದ ಆದೇಶವೇ ಅನ್ವಯವಾಗುತ್ತಿತ್ತು ಎಂಬುದನ್ನು ಎರಡೂ ಕಡೆಯ ಹಿರಿಯರು ತಿಳಿದಿರಬೇಕಿತ್ತು.

ಮದುವೆಗೆ ಮುಂಚಿತವಾಗಿ ಅನುಮತಿ ಪಡೆದು, ಹೆಸರು ನಮೂದಿಸಿದ ಪಾಸ್‌ಗಳನ್ನು ಹೊಂದಿರಬೇಕಿತ್ತು. ಪಾಸ್ ಇಲ್ಲದವರಿಗೆ ಪ್ರವೇಶವಿರಲಿಲ್ಲ. ಆದುದರಿಂದ ಪಟ್ಟಿ ಬರೆಯಲು ಕುಳಿತಾಗ ಪುರೋಹಿತರು, ವಾದ್ಯದವರು, ಅಡುಗೆಯವರು ಹಾಗೂ ಛಾಯಾಗ್ರಾಹಕರನ್ನು ಮೊದಲು ಬರೆದುಕೊಂಡು, ಉಳಿದ ಸ್ಥಾನಗಳನ್ನು ಬಂಧುಗಳಿಗೆ ಹಂಚುವುದು ಜಾಣತನವಾಗಿತ್ತು. ಪಟ್ಟಿಯಲ್ಲಿ ಹೆಸರಿಲ್ಲದ ಸೋದರಮಾವನಿಗೆ ಉತ್ತರ ಹೇಳುವುದು ಯಾವ ಅಧಿಕಾರಿಗೆ ಉತ್ತರ ಹೇಳುವುದಕ್ಕಿಂತಲೂ ಕಷ್ಟವಾಗಿತ್ತೆಂಬುದು ನಿಜವೇ. ಆದರೆ ಆ ಮಾತನ್ನು ಮದುವೆಯ ಬಾಗಿಲಲ್ಲಿ ಹೇಳುವುದಕ್ಕಿಂತ ಎಂಟು ದಿನ ಮೊದಲೇ ಹೇಳುವುದು ಲೇಸಾಗಿತ್ತು.

ಮಿತಿಯೊಳಗೇ ಇದ್ದೇವೆ ಎಂದಮಾತ್ರಕ್ಕೆ ಅಪಾಯ ತಪ್ಪುತ್ತಿರಲಿಲ್ಲ. ಒಬ್ಬೊಬ್ಬರ ನಡುವೆ ಆರು ಅಡಿ ಅಂತರವಿರಬೇಕಾದರೆ ಪ್ರತಿಯೊಬ್ಬರಿಗೂ ಸುಮಾರು 36 ಚದರ ಅಡಿ ಜಾಗ ಬೇಕು. 20 ಅಡಿಗೆ 30 ಅಡಿಯ ಅಂಗಳದ ವಿಸ್ತೀರ್ಣ 600 ಚದರ ಅಡಿ. ಅಲ್ಲಿ ಏಕಕಾಲಕ್ಕೆ ಹಿಡಿಯುವುದು 16 ಮಂದಿ ಮಾತ್ರ. ಅಂದರೆ 40 ಜನರ ಊಟಕ್ಕೆ ಮೂರು ಪಂಕ್ತಿಗಳು ಬೇಕಾಗುತ್ತಿದ್ದವು. ಮಾಸ್ಕ್ ತೆಗೆದು, ಎದುರುಬದುರಾಗಿ ಕುಳಿತು, ಗಟ್ಟಿಯಾಗಿ ಮಾತನಾಡುವ ಊಟದ ಹೊತ್ತೇ ಇಡೀ ಮದುವೆಯಲ್ಲಿ ಹೆಚ್ಚು ಅಪಾಯದ ಹೊತ್ತಾಗಿತ್ತು. ಸೋಂಕಿತನು ಲಕ್ಷಣ ಕಾಣಿಸಿಕೊಳ್ಳುವುದಕ್ಕೆ ಎರಡು ದಿನ ಮೊದಲೇ ಇತರರಿಗೆ ಸೋಂಕು ಹರಡಬಲ್ಲನಾದ್ದರಿಂದ, ಬಾಗಿಲಲ್ಲಿ ಜ್ವರ ಅಳೆದು ಒಳಗೆ ಬಿಟ್ಟರೆ ಸಾಲದು. ಕಿಟಕಿ ಮುಚ್ಚಿದ ಸಭಾಂಗಣಕ್ಕಿಂತ ಗಾಳಿಯಾಡುವ ಚಪ್ಪರವೇ ಮೇಲು. ಹಿಂದಿನ ರಾತ್ರಿಯ ಅರಿಶಿನ ಶಾಸ್ತ್ರ, ಒಂದೇ ಟೆಂಪೋದಲ್ಲಿ ಒತ್ತಿ ತುಂಬಿದ ದಿಬ್ಬಣ, ಮರುದಿನದ ಬೀಗರ ಊಟ ಇವುಗಳಿಗೂ ಇದೇ ಎಚ್ಚರಿಕೆ ಅಗತ್ಯವಾಗಿತ್ತು.

ಉಲ್ಲಂಘನೆಗೆ ವಿಪತ್ತು ನಿರ್ವಹಣಾ ಅಧಿನಿಯಮ, 2005, ಭಾರತೀಯ ದಂಡ ಸಂಹಿತೆಯ 188ನೇ ಪ್ರಕರಣ ಮತ್ತು ಕರ್ನಾಟಕ ಸಾಂಕ್ರಾಮಿಕ ರೋಗಗಳ ಅಧಿನಿಯಮ, 2020ರನ್ವಯ ಕ್ರಮ ಜರುಗಿಸಬಹುದಾಗಿತ್ತು.

ಇವೆಲ್ಲಕ್ಕಿಂತ ಗಂಭೀರವಾದ ಸಂಗತಿ ಮತ್ತೊಂದಿತ್ತು. ಮಂಟಪವಿಲ್ಲ, ಲಗ್ನಪತ್ರಿಕೆಯಿಲ್ಲ, ಓಲಗವಿಲ್ಲ, ಬೆಳಗಿನ ಜಾವ ಮನೆಯೊಳಗೆ ತಾಳಿ ಕಟ್ಟಿಸಿದರೆ ಪಕ್ಕದ ಬೀದಿಗೂ ತಿಳಿಯದು. ಖರ್ಚು ಕಡಿಮೆ ಎಂಬ ಕಾರಣಕ್ಕೆ ಬಡ ಕುಟುಂಬಗಳಿಗೆ ಹಿತವೆನಿಸಿದ ಈ ಚಿಕ್ಕ ಮದುವೆಯೇ ಬಾಲ್ಯವಿವಾಹಕ್ಕೆ ಮರೆಯಾಗುವ ಸಂಭವವಿತ್ತು. ಶಾಲೆ ತೆರೆದಿದ್ದರೆ ಗೈರುಹಾಜರಾದ ಬಾಲಕಿಯನ್ನು ಶಿಕ್ಷಕರು ವಿಚಾರಿಸುತ್ತಿದ್ದರು. ಆಗ ಆ ಕಣ್ಗಾವಲೂ ಇರಲಿಲ್ಲ. ಎಸ್‌ಎಸ್‌ಎಲ್‌ಸಿ ಪರೀಕ್ಷೆ 2021ರ ಜುಲೈ 19 ಮತ್ತು 22ರಂದು ನಿಗದಿಯಾಗಿತ್ತು. ಅದಕ್ಕೆ ಹಾಜರಾಗಬೇಕಿದ್ದ ವಿದ್ಯಾರ್ಥಿನಿಯು ಅಷ್ಟರೊಳಗೆ ಗಂಡನ ಮನೆ ಸೇರಿದ್ದರೆ, ಮುಂದೆ ಯಾವ ಪೂರಕ ಪರೀಕ್ಷೆಯೂ ಆ ನಷ್ಟವನ್ನು ತುಂಬುತ್ತಿರಲಿಲ್ಲ.

ಆದ್ದರಿಂದ ಮದುವೆಯ ಮಾಹಿತಿ ಬಂದಾಗ ಗ್ರಾಮ ಪಂಚಾಯಿತಿಯು ಅತಿಥಿಗಳ ಸಂಖ್ಯೆಯನ್ನಷ್ಟೇ ಕೇಳಿ ಸುಮ್ಮನಾಗುವಂತಿರಲಿಲ್ಲ. ವಧುವಿಗೆ 18, ವರನಿಗೆ 21 ವರ್ಷ ತುಂಬಿರುವುದನ್ನು ಜನನ ಪ್ರಮಾಣಪತ್ರ ಅಥವಾ ಶಾಲಾ ದಾಖಲಾತಿಯಿಂದ ಖಚಿತಪಡಿಸಿಕೊಳ್ಳತಕ್ಕದ್ದು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು ಬಾಲ್ಯವಿವಾಹ ನಿಷೇಧಾಧಿಕಾರಿಗಳೂ ಆಗಿರುವುದರಿಂದ ಇದು ಅವರ ಕರ್ತವ್ಯದ ಭಾಗವೇ ಆಗಿದೆ. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಜ್ವರ ಸಮೀಕ್ಷೆಗೆಂದು ಮನೆ ಮನೆಗೆ ಹೋದಾಗ ಹಂದರದ ಕಂಬ ಕಂಡಲ್ಲಿ ವಯಸ್ಸನ್ನೂ ವಿಚಾರಿಸಬಹುದಾಗಿತ್ತು. ಬಾಲ್ಯವಿವಾಹ ನಿಷೇಧ ಅಧಿನಿಯಮ, 2006ರಡಿ ಪೋಷಕರು ಮಾತ್ರವಲ್ಲ, ಮದುವೆ ಮಾಡಿಸಿದ ಪುರೋಹಿತರು, ಪ್ರೋತ್ಸಾಹಿಸಿದವರು ಸಹ 2 ವರ್ಷಗಳವರೆಗಿನ ಕಠಿಣ ಸಜೆ ಹಾಗೂ 1 ಲಕ್ಷ ರೂಪಾಯಿವರೆಗಿನ ದಂಡಕ್ಕೆ ಗುರಿಯಾಗಬಹುದು.

ಇಂತಹ ಮದುವೆಯ ಸುಳಿವು ದೊರೆತವರು ಮಕ್ಕಳ ಸಹಾಯವಾಣಿ 1098ಕ್ಕೆ ಯಾವುದೇ ಹೊತ್ತಿನಲ್ಲಿ ಉಚಿತವಾಗಿ ಕರೆ ಮಾಡಬಹುದು. ತಾಳಿ ಕಟ್ಟುವ ಮುನ್ನ ಬಂದ ಕರೆಯಿಂದ ಮದುವೆಯನ್ನೇ ತಡೆಯಲು ಸಾಧ್ಯವಿರುವುದರಿಂದ, ಖಚಿತ ಪುರಾವೆ ಸಿಗಲೆಂದು ಕಾಯದೆ ಅನುಮಾನ ಬಂದ ಕೂಡಲೇ ತಿಳಿಸತಕ್ಕದ್ದು.