ಗೋಲು ತಡೆದವನು, ಗೋಲು ಹೊಡೆದವನು

ಮನೆಯಲ್ಲಿ ಗಂಡುಮಕ್ಕಳಿದ್ದರೆ ಫುಟ್ಬಾಲಿನ ಜಗಳವೂ ಇದ್ದೇ ಇರುತ್ತದೆ. ನಡುರಾತ್ರಿಯವರೆಗೆ ಟಿ.ವಿ. ಮುಂದೆ ಕೂತು ಪಂದ್ಯ ನೋಡುತ್ತಾರೆ. ಬೆಳಿಗ್ಗೆ ಚಹಾದ ಲೋಟ ಕೈಯಲ್ಲಿ ಹಿಡಿದುಕೊಂಡೇ ‘ಯಾರು ದೊಡ್ಡ ಆಟಗಾರ?’ ಎಂದು ವಾದಕ್ಕಿಳಿಯುತ್ತಾರೆ. ಈ ವಾದದಲ್ಲಿ ಕೇಳಿಬರುವ ಹೆಸರುಗಳೆಲ್ಲ ಹೆಚ್ಚಾಗಿ ಗೋಲು ಹೊಡೆಯುವವರದೇ. ಗೋಲು ತಡೆಯುವವನ ಪರವಾಗಿ ಮಾತನಾಡುವ ಹುಡುಗ ಸಿಗುವುದು ಅಪರೂಪ. ತರಗತಿಯಲ್ಲಿ ಮಕ್ಕಳು ಈ ಪ್ರಶ್ನೆಯನ್ನು ನನ್ನ ಮುಂದೆ ಇಟ್ಟಾಗ ನನಗೆ ನೆನಪಾಗುವುದು ಒಂದೇ ಕ್ಲಬ್ಬಿನ ಇಬ್ಬರು ಆಟಗಾರರು. ಅವರ ಕತೆ ತಿಳಿಯಲು ಫುಟ್ಬಾಲ್ ಗೊತ್ತಿರಬೇಕೆಂದಿಲ್ಲ. ಮಕ್ಕಳನ್ನು ಬೆಳೆಸುತ್ತಿರುವ ಪ್ರತಿಯೊಬ್ಬ ತಾಯಿಗೂ ಅದರಲ್ಲಿ ಯೋಚಿಸುವಂಥದ್ದಿದೆ.

ಲಂಡನ್ನಿನ ಉತ್ತರ ಭಾಗದಲ್ಲಿ ಆರ್ಸೆನಲ್ ಕ್ಲಬ್ಬಿನ ಎಮಿರೇಟ್ಸ್ ಕ್ರೀಡಾಂಗಣವಿದೆ. ಕ್ಲಬ್ಬಿಗೆ 125 ವರ್ಷ ತುಂಬಿದ ನೆನಪಿಗೆ 2011ರ ಡಿಸೆಂಬರಿನಲ್ಲಿ ಅದರ ಹೊರಗೆ ಮೂರು ಕಂಚಿನ ಪ್ರತಿಮೆಗಳನ್ನು ಅನಾವರಣ ಮಾಡಲಾಯಿತು. ಒಂದು, 1925ರಿಂದ 1934ರಲ್ಲಿ ತೀರಿಕೊಳ್ಳುವವರೆಗೆ ತಂಡವನ್ನು ನಡೆಸಿದ ಹರ್ಬರ್ಟ್ ಚಾಪ್ಮನ್ ಅವರದು. ಉಳಿದೆರಡು ಆಟಗಾರರವು. ಒಬ್ಬರು ಟೋನಿ ಆಡಮ್ಸ್, ರಕ್ಷಣಾ ಆಟಗಾರ. ಇನ್ನೊಬ್ಬರು ತಿಯೆರಿ ಆನ್ರಿ, ಗೋಲು ಹೊಡೆಯುವವರು. ಕಣ್ಣೀರು ತಡೆಯಲಾಗದೆ ಆನ್ರಿ ಅಂದು ತಮ್ಮ ಪ್ರತಿಮೆಯ ಮುಂದೆ ಅತ್ತುಬಿಟ್ಟರು.

ಆನ್ರಿಯ ಪ್ರತಿಮೆ ಮಂಡಿಯೂರಿ ಕೂತ ಭಂಗಿಯಲ್ಲಿದೆ. 2002ರ ನವೆಂಬರಿನಲ್ಲಿ ಟಾಟನ್‌ಹ್ಯಾಮ್ ತಂಡದ ವಿರುದ್ಧ ಗೋಲು ಹೊಡೆದ ಸಂಭ್ರಮ ಅದು. ಆಡಮ್ಸ್ ಪ್ರತಿಮೆ ಎರಡೂ ಕೈ ಚಾಚಿ ನಿಂತಿದೆ. ಅದು 1998ರ ಮೇ ತಿಂಗಳಲ್ಲಿ ಎವರ್ಟನ್ ವಿರುದ್ಧ ಅವರು ಹೊಡೆದ ಗೋಲಿನ ಸಂಭ್ರಮ. ಇಲ್ಲೊಂದು ಸೋಜಿಗವಿದೆ. ಜೀವನವಿಡೀ ಗೋಲು ತಡೆಯುವುದೇ ಕೆಲಸವಾಗಿದ್ದ ಮನುಷ್ಯನನ್ನು ಕಂಚಿನಲ್ಲಿ ಎರಕ ಹೊಯ್ಯುವಾಗಲೂ ಆರಿಸಿಕೊಂಡದ್ದು ಆತ ಗೋಲು ಹೊಡೆದ ಗಳಿಗೆಯನ್ನೇ!

ಎರಡು ಕೆಲಸ, ಎರಡು ಲೆಕ್ಕ

ಆಡಮ್ಸ್ ಆರ್ಸೆನಲ್ ಪರವಾಗಿ ಆಡಿದ್ದು 669 ಪಂದ್ಯ, ಹೊಡೆದದ್ದು 48 ಗೋಲು. ಆನ್ರಿ ಆಡಿದ್ದು 377 ಪಂದ್ಯ, ಹೊಡೆದದ್ದು 228 ಗೋಲು. ಕ್ಲಬ್ಬಿನ ಇತಿಹಾಸದಲ್ಲೇ ಅತಿ ಹೆಚ್ಚು ಗೋಲು ಹೊಡೆದವರು ಆನ್ರಿ. ಅಂಕಿಅಂಶ ಮಾತ್ರ ನೋಡಿದರೆ ತೀರ್ಪು ಕೊಡಲು ಒಂದು ನಿಮಿಷ ಸಾಕು. ಆದರೆ ಆಡಮ್ಸ್ ತಡೆದ ಗೋಲುಗಳೆಷ್ಟು? ಅದನ್ನು ಬರೆದಿಡುವ ಪುಸ್ತಕವೇ ಇಲ್ಲ.

ರಕ್ಷಣಾ ಆಟ ಎಂದರೇನು ಎಂಬುದನ್ನು ಸ್ವಲ್ಪ ತಿಳಿಯೋಣ. ಚೆಂಡು ಒದೆಯುವ ಕ್ಷಣದಲ್ಲಿ ಎದುರಾಳಿ ಆಟಗಾರ ರಕ್ಷಣೆಯ ಕೊನೆಯ ಸಾಲನ್ನು ದಾಟಿ ಗೋಲಿನ ಬಳಿ ನಿಂತಿದ್ದರೆ ಅದು ಆಫ್‌ಸೈಡ್, ಅವನ ಗೋಲು ನಡೆಯುವುದಿಲ್ಲ. ಆದ್ದರಿಂದ ಹಿಂದಿನ ಸಾಲಿನ ನಾಲ್ವರೂ ಒಂದೇ ಹೆಜ್ಜೆಯಲ್ಲಿ ಮುಂದೆ ಬಂದರೆ ಎದುರಾಳಿ ತಾನಾಗಿಯೇ ಬಲೆಗೆ ಬೀಳುತ್ತಾನೆ. ಅಂಗಳದಲ್ಲಿ ಬತ್ತ ಒಣಗಿಸಿದ ಚಾಪೆಯನ್ನು ಮಳೆ ಬಂದಾಗ ನಾಲ್ವರು ನಾಲ್ಕು ಮೂಲೆ ಹಿಡಿದು ಎತ್ತುವಂತೆ ಇದು. ಒಬ್ಬರು ತಡಮಾಡಿದರೆ ಸಾಕು, ಎಲ್ಲವೂ ನೆಲದ ಪಾಲು. ಡಿಕ್ಸನ್, ಬೋಲ್ಡ್, ವಿಂಟರ್‌ಬರ್ನ್ ಮತ್ತು ಆಡಮ್ಸ್ ಎಂಬ ಈ ನಾಲ್ವರು ವರ್ಷಗಟ್ಟಲೆ ಹಾಗೆ ಆಡಿದರು. ಕೈ ಮೇಲೆತ್ತಿ ‘ಆಫ್‌ಸೈಡ್’ ಎಂದು ಸನ್ನೆ ಮಾಡುವ ಆಡಮ್ಸ್ ಚಿತ್ರ ಇಂಗ್ಲೆಂಡಿನಲ್ಲಿ ಮನೆಮಾತಾಯಿತು. 1990-91ರ ಲೀಗಿನ 38 ಪಂದ್ಯಗಳಲ್ಲಿ ಆರ್ಸೆನಲ್ ಬಿಟ್ಟುಕೊಟ್ಟದ್ದು ಬರೀ 18 ಗೋಲು.

ಆನ್ರಿಯ ಕೆಲಸ ಇದಕ್ಕೆ ತದ್ವಿರುದ್ಧ. ಅವರು 1999ರಲ್ಲಿ ಆರ್ಸೆನಲ್ ಸೇರಿದಾಗ ಬದಿಯಲ್ಲಿ ಓಡುವ ಆಟಗಾರ. ತರಬೇತುದಾರ ಆರ್ಸೆನ್ ವೆಂಗರ್ ಅವರನ್ನು ನಡುವೆ ನಿಲ್ಲಿಸಿದರು. ಮೊದಲ ಎಂಟು ಪಂದ್ಯಗಳಲ್ಲಿ ಒಂದೂ ಗೋಲಿಲ್ಲ. ‘ಇವನಿಂದಾಗದು’ ಎಂಬ ಮಾತು ಕೇಳಿಬಂತು. ವೆಂಗರ್ ಮಾತ್ರ ಕಾದರು. ಆ ಋತು ಮುಗಿಯುವಷ್ಟರಲ್ಲಿ ಆನ್ರಿ ಹೊಡೆದ ಗೋಲು 26! ಎಡಬದಿಯಿಂದ ಓಡಿಬಂದು, ಪಾದದ ಒಳಬದಿಯಿಂದ ಚೆಂಡನ್ನು ದೂರದ ಕಂಬದ ಕಡೆಗೆ ಮೆಲ್ಲನೆ ತಿರುಗಿಸುವುದು ಅವರ ವಿಶೇಷ. ಲೀಗಿನಲ್ಲಿ ಅತಿ ಹೆಚ್ಚು ಗೋಲು ಹೊಡೆದವರಿಗೆ ಕೊಡುವ ಪ್ರಶಸ್ತಿ ನಾಲ್ಕು ಬಾರಿ ಅವರ ಪಾಲಾಯಿತು. 2003-04ರಲ್ಲಿ ಆರ್ಸೆನಲ್ ಲೀಗಿನ 38 ಪಂದ್ಯಗಳಲ್ಲಿ 26 ಗೆದ್ದು 12 ಡ್ರಾ ಮಾಡಿಕೊಂಡಿತು. ಸೋಲು ಒಂದೂ ಇಲ್ಲ. ಆ ವರ್ಷ ಲೀಗಿನಲ್ಲಿ ಆನ್ರಿಯದೇ 30 ಗೋಲು.

ತಪ್ಪಿನ ಲೆಕ್ಕವೂ ಇಬ್ಬರಿಗೆ ಬೇರೆ ಬೇರೆ. ಗೋಲು ಹೊಡೆಯುವವನು ಐದು ಅವಕಾಶ ಕಳೆದುಕೊಂಡು ಆರನೆಯದರಲ್ಲಿ ಗೋಲು ಹೊಡೆದರೆ ಜನ ಹೆಗಲ ಮೇಲೆ ಹೊರುತ್ತಾರೆ. ರಕ್ಷಣಾ ಆಟಗಾರ ಐದು ತಡೆದು ಆರನೆಯದರಲ್ಲಿ ಎಡವಿದರೆ ಊರಿಡೀ ಬೈಗುಳ. 1989ರ ಏಪ್ರಿಲಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧದ ಪಂದ್ಯದಲ್ಲಿ ಆಡಮ್ಸ್ ತಮ್ಮ ತಂಡಕ್ಕೆ ಒಂದು ಗೋಲು ತಂದುಕೊಟ್ಟರು. ಆಮೇಲೆ ಆಯತಪ್ಪಿ ತಮ್ಮದೇ ಗೋಲಿನೊಳಗೆ ಚೆಂಡು ಹಾಕಿದರು. ಮಾರನೆಯ ದಿನ ಒಂದು ಪತ್ರಿಕೆ ಅವರ ಚಿತ್ರಕ್ಕೆ ಕತ್ತೆಯ ಕಿವಿ ಬರೆದು ಅಚ್ಚುಹಾಕಿತು. ಆಮೇಲೆ ವರ್ಷಗಟ್ಟಲೆ ಎದುರಾಳಿ ಊರುಗಳಲ್ಲಿ ಜನ ಕತ್ತೆಯಂತೆ ಕೂಗಿ, ಮೈದಾನಕ್ಕೆ ಕ್ಯಾರೆಟ್ ಎಸೆದರು. ಅದೇ ಮೇ 26ರಂದು ಲಿವರ್‌ಪೂಲಿನ ಆನ್‌ಫೀಲ್ಡ್ ಮೈದಾನದಲ್ಲಿ ಎರಡು ಗೋಲಿನ ಅಂತರದಿಂದ ಗೆದ್ದರಷ್ಟೇ ಬಿರುದು ಎಂಬ ಸ್ಥಿತಿ ಬಂತು. ಆರ್ಸೆನಲ್ 2-0ರಿಂದ ಗೆದ್ದಿತು. ಬಿರುದು ಎತ್ತಿಹಿಡಿದ ನಾಯಕ ಇದೇ ‘ಕತ್ತೆ’. ಆಗ ಅವರ ವಯಸ್ಸು 22.

ಹೊರಗೆ ಕೋಟೆ, ಒಳಗೆ ಬಿರುಕು

ಮೈದಾನದಲ್ಲಿ ಯಾರನ್ನೂ ಒಳಗೆ ಬಿಡದ ಆಡಮ್ಸ್ ತಮ್ಮ ಬದುಕಿನ ಬಾಗಿಲು ಕಾಯುವುದನ್ನು ಮರೆತಿದ್ದರು. ಕುಡಿತ ಅವರನ್ನು ಒಳಗಿಂದ ತಿನ್ನುತ್ತಿತ್ತು. 1990ರ ಮೇ ತಿಂಗಳಲ್ಲಿ ಕುಡಿದು ಕಾರು ಓಡಿಸಿ ಗೋಡೆಗೆ ಗುದ್ದಿದರು. ಡಿಸೆಂಬರಿನಲ್ಲಿ ನಾಲ್ಕು ತಿಂಗಳ ಜೈಲು ಶಿಕ್ಷೆಯಾಯಿತು, ಸುಮಾರು ಎರಡು ತಿಂಗಳು ಒಳಗಿದ್ದರು. ಮೇಲೆ ಹೇಳಿದ 1990-91ರ ಲೀಗನ್ನು ಆರ್ಸೆನಲ್ ಗೆದ್ದಿತು. ಇಡೀ ಲೀಗಿನಲ್ಲಿ ಸೋತದ್ದು ಒಂದೇ ಪಂದ್ಯ, 1991ರ ಫೆಬ್ರವರಿ 2ರಂದು ಚೆಲ್ಸಿ ವಿರುದ್ಧ. ಆ ದಿನ ಆಡಮ್ಸ್ ಜೈಲಿನಲ್ಲಿದ್ದರು. ಸೋಲಿಗೆ ಅದೊಂದೇ ಕಾರಣ ಎನ್ನಲಾಗದು. ಆದರೂ ಯೋಚಿಸಬೇಕಾದ ಮಾತು. ತಡೆಯುವವನ ಬೆಲೆ ತಿಳಿಯುವುದು ಅವನು ಇಲ್ಲದ ದಿನವೇ.

ಜೈಲಿನಿಂದ ಬಂದ ಮೇಲೂ ಕುಡಿತ ಬಿಡಲಿಲ್ಲ. ತಂಡ ಗೆಲ್ಲುತ್ತಿತ್ತು, ನಾಯಕ ಓಡುತ್ತಿದ್ದರು, ಆದ್ದರಿಂದ ಯಾರೂ ಕೇಳಲಿಲ್ಲ. 1996ರ ಯುರೋಪ್ ಕಪ್ ಸೆಮಿಫೈನಲಿನಲ್ಲಿ ಇಂಗ್ಲೆಂಡ್ ಜರ್ಮನಿಗೆ ಸೋತ ಮೇಲೆ ವಾರಗಟ್ಟಲೆ ಕುಡಿತದಲ್ಲೇ ಮುಳುಗಿದರು. ಕೊನೆಗೆ 1996ರ ಆಗಸ್ಟ್ 16ರಂದು ಅದನ್ನು ನಿಲ್ಲಿಸಿದರು. ಸೆಪ್ಟೆಂಬರಿನಲ್ಲಿ ಜೊತೆ ಆಟಗಾರರನ್ನೆಲ್ಲ ಕೂರಿಸಿ, ತಾನು ಕುಡಿತದ ರೋಗಿ ಎಂದು ಬಾಯಿಬಿಟ್ಟು ಹೇಳಿದರು. ಹತ್ತಾರು ಗಂಡಸರ ಮುಂದೆ, ಅದೂ ನಾಯಕನಾದವನು ಹೀಗೆ ಹೇಳಿಕೊಳ್ಳುವುದು ಸುಲಭದ ಮಾತಲ್ಲ. ಅದರ ಮರುತಿಂಗಳು ವೆಂಗರ್ ತರಬೇತುದಾರರಾಗಿ ಬಂದರು, ತಂಡದ ಊಟ ತಿಂಡಿ, ದಿನಚರಿ ಎಲ್ಲವನ್ನೂ ತಿದ್ದಿದರು. ಆಡಮ್ಸ್ ಪುಸ್ತಕ ಹಿಡಿದರು, ಪಿಯಾನೋ ಕಲಿತರು. 1998ರಲ್ಲಿ ಲೀಗ್ ಮತ್ತು ಎಫ್.ಎ. ಕಪ್ ಎರಡನ್ನೂ ಆರ್ಸೆನಲ್ ಗೆದ್ದಿತು. ಎವರ್ಟನ್ ವಿರುದ್ಧದ ಆ ಕೈ ಚಾಚಿದ ಗೋಲು ಬಂದದ್ದು ಆ ವರ್ಷವೇ. ಹಾಗಾದರೆ ಪ್ರತಿಮೆಯಲ್ಲಿ ನಿಂತಿರುವುದು ಬರಿಯ ಗೋಲಿನ ಸಂಭ್ರಮವಲ್ಲ, ಸುಮಾರು ಇಪ್ಪತ್ತು ತಿಂಗಳಿಂದ ಕುಡಿತ ಮುಟ್ಟದ ಮನುಷ್ಯನ ಉಸಿರು ಎಂದು ನಾನು ತಿಳಿಯುತ್ತೇನೆ.

ಅಷ್ಟಕ್ಕೇ ನಿಲ್ಲದೆ, ಕುಡಿತ, ಜೂಜಿನಂಥ ಚಟಕ್ಕೆ ಬಿದ್ದ ಕ್ರೀಡಾಪಟುಗಳಿಗಾಗಿ 2000ದಲ್ಲಿ ‘ಸ್ಪೋರ್ಟಿಂಗ್ ಚಾನ್ಸ್’ ಎಂಬ ಚಿಕಿತ್ಸಾಲಯವನ್ನು ಅವರು ಆರಂಭಿಸಿದರು. ತಡೆಯುವವನ ಕೆಲಸವನ್ನು ಅವರು ಮೈದಾನದ ಹೊರಗೂ ಮುಂದುವರಿಸಿದರು ಎನ್ನಬೇಕು.

ಆರು ಗೋಲು ಹೊಡೆದ ಮಗ

ಆನ್ರಿಯ ಬದುಕಿನಲ್ಲಿ ಕುಡಿತವಿರಲಿಲ್ಲ, ಜೈಲಿರಲಿಲ್ಲ. ಹೊರಗಿನಿಂದ ನೋಡಿದರೆ ಎಲ್ಲವೂ ಹೂವಿನ ಹಾದಿ. ಹುಟ್ಟಿದ್ದು 1977ರಲ್ಲಿ ಪ್ಯಾರಿಸ್ ಸಮೀಪದ ಲೇ ಜುಲಿಸ್ ಎಂಬಲ್ಲಿ. ತಂದೆತಾಯಿ ಕೆರಿಬಿಯನ್ ದ್ವೀಪಗಳ ಮೂಲದವರು. 1998ರಲ್ಲಿ, ಇಪ್ಪತ್ತು ವರ್ಷಕ್ಕೇ, ಫ್ರಾನ್ಸ್ ಪರವಾಗಿ ವಿಶ್ವಕಪ್ ಗೆದ್ದರು.

2024ರ ಜನವರಿಯಲ್ಲಿ ಒಂದು ದೀರ್ಘ ಸಂದರ್ಶನದಲ್ಲಿ ಆನ್ರಿ ತಮ್ಮ ಬಾಲ್ಯದ ಬಗ್ಗೆ ಮಾತನಾಡಿದರು. ಮಗ ಹುಟ್ಟಿದ ಕೂಡಲೇ ಇವನು ದೊಡ್ಡ ಫುಟ್ಬಾಲ್ ಆಟಗಾರನಾಗುತ್ತಾನೆ ಎಂದು ತಂದೆ ತೀರ್ಮಾನಿಸಿಬಿಟ್ಟಿದ್ದರಂತೆ. ಹುಡುಗನಾಗಿದ್ದಾಗ ಒಂದು ಪಂದ್ಯವನ್ನು ತಂಡ 6-0ಯಿಂದ ಗೆದ್ದಿತು. ಆರೂ ಗೋಲು ಈ ಹುಡುಗನವೇ. ಆದರೂ ತಂದೆಯ ನಡಿಗೆ ನೋಡಿಯೇ ಅವರಿಗೆ ಸಮಾಧಾನವಾಗಿಲ್ಲ ಎಂದು ಮಗನಿಗೆ ತಿಳಿಯಿತು. ಅಲ್ಲಿ ಚೆಂಡು ಹಿಡಿತ ತಪ್ಪಿದೆ, ಇಲ್ಲಿ ಸರಿಯಾಗಿ ಒದೆಯಲಿಲ್ಲ ಎಂಬ ಪಟ್ಟಿಯೇ ಬಂತು. ಆ ತಂದೆಯನ್ನು ಮೆಚ್ಚಿಸುವುದಕ್ಕಾಗಿಯೇ ತಾನು ಆಡುತ್ತಾ ಬಂದೆ, ಆಟದ ಜೀವನವಿಡೀ ಖಿನ್ನತೆ ತನ್ನೊಳಗೆ ಇದ್ದಿರಬೇಕು, ಅದು ಗೊತ್ತೇ ಆಗಿರಲಿಲ್ಲ ಎಂದು ಅವರು ಹೇಳಿಕೊಂಡರು.

2020ರಲ್ಲಿ ಅವರು ಕೆನಡಾದ ಮಾಂಟ್ರಿಯಲ್ ತಂಡದ ತರಬೇತುದಾರರಾಗಿದ್ದರು. ಕೋವಿಡ್ ಕಾರಣ ಮಕ್ಕಳನ್ನು ನೋಡಲಾಗದೆ ತಿಂಗಳುಗಟ್ಟಲೆ ಒಂಟಿಯಾದರು. ಕಾರಣವಿಲ್ಲದೆ ಹೆಚ್ಚುಕಡಿಮೆ ದಿನಾಲೂ ಅಳುತ್ತಿದ್ದರಂತೆ. ಮನೆಗೆ ಬಂದು ಮತ್ತೆ ಹೊರಟು ನಿಂತ ದಿನ ಮಕ್ಕಳು ಅಳತೊಡಗಿದರು. ಆ ಮಕ್ಕಳು ಅಳುತ್ತಿರುವುದು 228 ಗೋಲಿನ ಆಟಗಾರನಿಗಾಗಿ ಅಲ್ಲ, ತನಗಾಗಿ ಎಂದು ಅಂದು ಅವರಿಗೆ ಅರಿವಾಯಿತು. ಕೈಯಲ್ಲಿದ್ದ ಚೀಲ ಕೆಳಗಿಟ್ಟರು. 2021ರ ಫೆಬ್ರವರಿಯಲ್ಲಿ ಆ ಕೆಲಸ ಬಿಟ್ಟರು.

ಆನ್ರಿಯ ತಪ್ಪನ್ನೂ ಹೇಳದಿದ್ದರೆ ನ್ಯಾಯವಾಗದು. 2009ರ ನವೆಂಬರಿನಲ್ಲಿ ಐರ್ಲೆಂಡ್ ವಿರುದ್ಧ ಫ್ರಾನ್ಸ್ ಆಡುವಾಗ ಅವರು ಚೆಂಡನ್ನು ಕೈಯಿಂದ ತಡೆದು ಜೊತೆಗಾರನಿಗೆ ಕೊಟ್ಟರು, ಅದು ಗೋಲಾಯಿತು, ಐರ್ಲೆಂಡ್ ವಿಶ್ವಕಪ್ಪಿನಿಂದ ಹೊರಬಿತ್ತು. ರೆಫರಿ ನೋಡಿರಲಿಲ್ಲ. ಕೈ ತಾಗಿದ್ದು ನಿಜ ಎಂದು ಆನ್ರಿ ಒಪ್ಪಿಕೊಂಡರು. ಮರುಪಂದ್ಯ ಆಡಿಸುವುದೇ ನ್ಯಾಯ ಎಂದು ಎರಡು ದಿನದ ಮೇಲೆ ಹೇಳಿದರು. ಮರುಪಂದ್ಯ ನಡೆಯಲಿಲ್ಲ. ಒಪ್ಪಿಗೆ ತಡವಾಗಿ ಬಂದರೆ ನಷ್ಟ ತುಂಬುವುದಿಲ್ಲ ಎಂಬುದಕ್ಕೆ ಇದು ಉದಾಹರಣೆ.

ಯಾರು ದೊಡ್ಡವರು?

ಇವರಿಬ್ಬರೂ ಮೂರು ವರ್ಷ ಒಂದೇ ತಂಡದಲ್ಲಿ ಆಡಿದರು. 2001-02ರಲ್ಲಿ ಆರ್ಸೆನಲ್ ಮತ್ತೆ ಎರಡೂ ಬಿರುದು ಗೆದ್ದಿತು. ಲೀಗಿನ ಪ್ರತಿ ಪಂದ್ಯದಲ್ಲೂ ಗೋಲು ಹೊಡೆದ ತಂಡ ಅದು. ಆನ್ರಿಯದು 24 ಗೋಲು. ಮೂವತ್ತೈದು ದಾಟಿದ್ದ ಆಡಮ್ಸ್ ಲೀಗಿನಲ್ಲಿ ಆಡಿದ್ದು ಹತ್ತು ಪಂದ್ಯ ಮಾತ್ರ. 2002ರ ಮೇ 4ರಂದು ಕಾರ್ಡಿಫ್‌ನಲ್ಲಿ ನಡೆದ ಎಫ್.ಎ. ಕಪ್ ಫೈನಲಿನಲ್ಲಿ ಇಬ್ಬರೂ ಮೈದಾನದಲ್ಲಿದ್ದರು. ಚೆಲ್ಸಿ 2-0ಯಿಂದ ಸೋತಿತು. ಆರ್ಸೆನಲ್ ಪರ ಆಡಮ್ಸ್ ಆಡಿದ ಕೊನೆಯ ಸ್ಪರ್ಧೆ ಅದು. ಅಂದು ಆನ್ರಿ ಗೋಲು ಹೊಡೆಯಲಿಲ್ಲ. ಆಡಮ್ಸ್ ಮತ್ತು ಅವರ ಸಾಲು ಒಂದೂ ಗೋಲು ಬಿಡಲಿಲ್ಲ.

ನನ್ನನ್ನು ಕೇಳಿದರೆ, ಆಟದ ಚೆಲುವಿಗೆ ಆನ್ರಿ. ಆದರೆ ಒಂದು ಮನೆ ಕಟ್ಟಲು ಒಬ್ಬರನ್ನು ಆರಿಸಿಕೋ ಎಂದರೆ ಆಡಮ್ಸ್. 19ನೇ ವರ್ಷದ ಋತುವಿನವರೆಗೂ ಒಂದೇ ಕ್ಲಬ್ಬಿನಲ್ಲಿ ನಿಂತು, ಬಿದ್ದು, ಎದ್ದು, ಮೂರು ದಶಕಗಳಲ್ಲಿ ನಾಯಕನಾಗಿ ಲೀಗ್ ಗೆದ್ದವರು ಅವರು.

ಸಹೋದರಿಯರೇ, ತಡೆಯುವವರ ಕೆಲಸ ನಮಗೆ ಹೊಸದೇನಲ್ಲ. ಜ್ವರ ಏರದಂತೆ ರಾತ್ರಿಯೆಲ್ಲ ಒದ್ದೆ ಬಟ್ಟೆ ಇಟ್ಟವಳ, ತಿಂಗಳ ಕೊನೆಯಲ್ಲಿ ಸಾಲ ಆಗದಂತೆ ನೋಡಿಕೊಂಡವಳ, ಅಣ್ಣತಮ್ಮಂದಿರ ಮಾತು ಜಗಳವಾಗದಂತೆ ನಡುವೆ ನಿಂತವಳ ಲೆಕ್ಕವನ್ನು ಯಾರು ಬರೆದಿಡುತ್ತಾರೆ? ನಡೆಯದೇ ಹೋದ ಅನಾಹುತಕ್ಕೆ ಚಪ್ಪಾಳೆ ಇಲ್ಲ.

ಇದೇ ಲೆಕ್ಕವನ್ನು ನಾವು ಮಕ್ಕಳಿಗೂ ಹಾಕುತ್ತೇವೆ. ಹೆಚ್ಚು ಅಂಕ ತಂದ ಮಗಳು ಎಲ್ಲರ ಬಾಯಲ್ಲಿ. ಅಜ್ಜಿಗೆ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವ ಮಗನ ಹೆಸರು ಎಲ್ಲೂ ಇಲ್ಲ. ಅಷ್ಟೇ ಅಲ್ಲ, ಅಂಕ ತಂದ ಮಗಳೂ ಸುಖವಾಗಿರುವುದಿಲ್ಲ. ನೂರಕ್ಕೆ ತೊಂಬತ್ತಾರು ತಂದವಳನ್ನು ‘ಉಳಿದ ನಾಲ್ಕು ಎಲ್ಲಿ?’ ಎಂದು ಕೇಳುತ್ತೇವೆ. ಆರು ಗೋಲು ಹೊಡೆದ ಹುಡುಗನ ಕತೆ ಇದೇ ಅಲ್ಲವೇ? ಒಬ್ಬರನ್ನು ಯಾರೂ ನೋಡಲಿಲ್ಲ, ಇನ್ನೊಬ್ಬರ ಗೋಲನ್ನು ಮಾತ್ರ ನೋಡಿದರು. ಇಬ್ಬರೂ ಒಳಗೊಳಗೇ ನೊಂದರು. ಒಬ್ಬರಿಗೆ ಬಾಯಿಬಿಡಲು ಮೂವತ್ತು ವರ್ಷ ಬೇಕಾಯಿತು, ಇನ್ನೊಬ್ಬರಿಗೆ ನಲವತ್ತಾರು.

ಇಂದು ಸಂಜೆ ಮಗ ಮೈದಾನದಿಂದ ಕೆಸರು ಮೆತ್ತಿಕೊಂಡು ಬಂದಾಗ ‘ಎಷ್ಟು ಗೋಲು ಹೊಡೆದೆ?’ ಎಂದು ಕೇಳುವ ಮೊದಲು ಅವನ ಮುಖ ನೋಡಿ. ನೀರು ಕೊಡಿ, ಕೂರಿಸಿ. ‘ಆಟ ಹೇಗಿತ್ತು ಮಗಾ?’ ಎಂದಷ್ಟೇ ಕೇಳಿ. ಉಳಿದದ್ದನ್ನು ಅವನೇ ಹೇಳುತ್ತಾನೆ.