ಶಾಲೆಯ ಬೀಗ, ಮಗುವಿನ ಹಸಿವು

ಕಳೆದ ತಿಂಗಳು ಬಂಧುಗಳ ಮನೆಯ ಗೃಹಪ್ರವೇಶದಲ್ಲಿ, ಮೊದಲ ಪಂಕ್ತಿಯ ಊಟ ಮುಗಿಸಿ ಎಲೆಯಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದ ಹಿರಿಯರೊಬ್ಬರು, ಮಾತು ಕೊರೋನಾ ಕಾಲದ ಕಡೆಗೆ ಹೊರಳಿದಾಗ, "ಶಾಲೆಗೇ ಬೀಗ ಬಿದ್ದ ಮೇಲೆ ಬಿಸಿಯೂಟ ಎಲ್ಲಿಂದ ಬರಬೇಕು ಸ್ವಾಮಿ? ಅದು ಮಕ್ಕಳನ್ನ ಶಾಲೆಗೆ ಕರೆತರೋದಕ್ಕೆ ಮಾಡಿದ ಉಪಾಯ. ಮನೇಲಿರೋ ಮಗೂಗೆ ಮನೇಲೇ ಊಟ" ಎಂದು ನಿರ್ಣಯಿಸಿಬಿಟ್ಟರು. ಸುತ್ತ ಕುಳಿತವರಲ್ಲಿ ಇಬ್ಬರು ಉಪಾಧ್ಯಾಯರಿದ್ದರು, ಅವರೂ ತಲೆದೂಗಿದರು. ಈ ಮಾತನ್ನು 2020ರ ಮಾರ್ಚಿನಿಂದೀಚೆಗೆ ನಾನು ಎಷ್ಟು ಬಾರಿ ಕೇಳಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಕೇಳಿದಾಗಲೆಲ್ಲ ಆಗುವ ಮನಃಕ್ಲೇಶವೂ ಇಂದಿಗೂ ತಗ್ಗಿಲ್ಲ. ಮಗುವಿನ ಅನ್ನವೆಂಬುದು ಪಾಠಕ್ಕೆ ಕಟ್ಟಿದ ಆಮಿಷ, ಪಾಠ ನಿಂತೊಡನೆ ಅದರ ಅವಶ್ಯಕತೆಯೂ ನಿಂತಿತು ಎಂಬ ಈ ಕಲ್ಪನೆಯು ಸಾಂಕ್ರಾಮಿಕದ ದಿನಗಳಲ್ಲಿ ಉಂಟುಮಾಡಿದ ಹಾನಿ ಸಣ್ಣದೆಂದು ನನಗೆ ತೋರುವುದಿಲ್ಲ.

ಭ್ರಾಂತಿಗೂ ಒಂದು ಮೂಲವುಂಟು. ಅದನ್ನು ಮರೆಮಾಚುವುದು ನ್ಯಾಯವಲ್ಲ. 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರವು ಪ್ರಾಥಮಿಕ ಶಾಲೆಗಳಿಗೆ ಆಹಾರದ ಯೋಜನೆಯನ್ನು ಆರಂಭಿಸಿದಾಗ, ಅಡಿಗೆಯ ಏರ್ಪಾಡಿಲ್ಲದ ಕಡೆಗಳಲ್ಲಿ, ಶೇಕಡಾ 80ರಷ್ಟು ಹಾಜರಿಯಿದ್ದ ಮಗುವಿಗೆ ತಿಂಗಳಿಗೆ 3 ಕಿಲೋ ಧಾನ್ಯವನ್ನು ಕೊಡುವ ಕ್ರಮವಿತ್ತು. ಹಾಜರಿಪುಸ್ತಕವೇ ಅಂದು ಪಡಿತರದ ಚೀಟಿ. ಆ ಕಾಲದಲ್ಲಿ ಮೇಷ್ಟರಾಗಿದ್ದವರ ಮನಸ್ಸಿನಲ್ಲಿ ಹಾಜರಿಗೂ ಅಕ್ಕಿಗೂ ಬಿದ್ದ ಗಂಟು ಇಂದಿಗೂ ಬಿಚ್ಚಿಲ್ಲದಿದ್ದರೆ ಅದು ಸಹಜವೇ. ಆದರೆ 2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯವು ಆ ಗಂಟನ್ನು ಕತ್ತರಿಸಿತು. ಉಗ್ರಾಣಗಳಲ್ಲಿ ಧಾನ್ಯ ಕೊಳೆಯುತ್ತಿರಲು ಜನರು ಹಸಿದಿರುವುದು ಜೀವಿಸುವ ಹಕ್ಕಿಗೇ ವಿರುದ್ಧವೆಂದು ಹೂಡಿದ ಮೊಕದ್ದಮೆಯಲ್ಲಿ ಹೊರಟ ಆ ಆಜ್ಞೆಯು, ಪ್ರತಿಯೊಂದು ಮಗುವಿಗೆ ದಿನಕ್ಕೆ ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನು ಇರುವ ಬೇಯಿಸಿದ ಊಟವನ್ನು ವರ್ಷಕ್ಕೆ ಕನಿಷ್ಠ 200 ದಿನ ಬಡಿಸಬೇಕೆಂದು ವಿಧಿಸಿತು. ಕರ್ನಾಟಕದಲ್ಲಿ ಮರುವರ್ಷವೇ ಆರಂಭವಾದ ಅಕ್ಷರ ದಾಸೋಹದ ಬೆನ್ನಿಗಿದ್ದುದು ಈ ಆಜ್ಞೆ. 2013ರ ಆಹಾರ ಭದ್ರತಾ ಕಾಯಿದೆಯು ಇದನ್ನೇ ಶಾಸನವಾಗಿಸಿ, ಕಿರಿಯ ತರಗತಿಗಳಿಗೆ 450 ಕ್ಯಾಲೊರಿ, ಹಿರಿಯ ತರಗತಿಗಳಿಗೆ 700 ಕ್ಯಾಲೊರಿ ಎಂದು ಅಳತೆಯನ್ನು ಏರಿಸಿತು. ಹಾಜರಿಗಾಗಿ ಮಾತ್ರ ಹೂಡಿದ ಉಪಾಯವಾಗಿದ್ದರೆ ಇಷ್ಟು ಗ್ರಾಂ ಪ್ರೋಟೀನೆಂದು ಶಾಸನದಲ್ಲಿ ಬರೆಯುವ ಪ್ರಮೇಯವೇ ಇರಲಿಲ್ಲ.

ಕಾಯಿದೆ ಓದಿದವರು ಒಂದು ಆಕ್ಷೇಪವೆತ್ತಬಹುದು: ಅದರ 5ನೆಯ ಪ್ರಕರಣದಲ್ಲಿಯೇ 'ಶಾಲಾ ರಜಾದಿನಗಳ ಹೊರತು' ಎಂಬ ಮಾತಿದೆಯಲ್ಲ? ಇದೆ. ಆದರೆ ರಜೆ ಬೇರೆ, ವಿಪತ್ತಿನಿಂದಾಗಿ ಶಾಲೆ ಮುಚ್ಚುವುದು ಬೇರೆ. 2015ರ ನಿಯಮಾವಳಿಯು, ಧಾನ್ಯವೋ ಇಂಧನವೋ ಅಡಿಗೆಯವರೋ ಇಲ್ಲದೆ ಅಥವಾ ಇನ್ನಾವುದೇ ಕಾರಣದಿಂದ ಶಾಲೆಯ ದಿನದಲ್ಲಿ ಊಟ ತಪ್ಪಿದರೆ, ಮಗುವಿನ ಪಾಲಿನ ಧಾನ್ಯವನ್ನೂ ಅಡಿಗೆಯ ಖರ್ಚಿನ ಹಣವನ್ನೂ ಮುಂದಿನ ತಿಂಗಳ 15ರೊಳಗೆ ಆಹಾರ ಭದ್ರತಾ ಭತ್ಯೆಯಾಗಿ ಸಲ್ಲಿಸತಕ್ಕದ್ದೆಂದು ಹೇಳುತ್ತದೆ. 2020ರ ಮಾರ್ಚ್ 18ರಂದು, ದೇಶದ ಶಾಲೆಗಳು ಮುಚ್ಚುತ್ತಿದ್ದ ವಾರದಲ್ಲಿಯೇ, ಸರ್ವೋಚ್ಚ ನ್ಯಾಯಾಲಯವು ಯಾರೂ ಅರ್ಜಿ ಹಾಕದೆ ತಾನಾಗಿಯೇ ಈ ವಿಷಯವನ್ನು ಕೈಗೆತ್ತಿಕೊಂಡು, ಮಕ್ಕಳ ಊಟಕ್ಕೆ ಏನು ಮಾಡಿದಿರೆಂದು ರಾಜ್ಯಗಳನ್ನೆಲ್ಲ ಕೇಳಿತು. ಎರಡೇ ದಿನದಲ್ಲಿ ಕೇಂದ್ರ ಸಚಿವಾಲಯವು, ಬಿಸಿಯೂಟವನ್ನಾದರೂ ಕೊಡಿರಿ, ಇಲ್ಲವೆ ಭತ್ಯೆಯನ್ನಾದರೂ ಕೊಡಿರಿ ಎಂದು ರಾಜ್ಯಗಳಿಗೆ ಬರೆಯಿತು.

ಇನ್ನು, "ಬೇಸಿಗೆ ರಜದಲ್ಲಿ ಮನೆಯಲ್ಲಿ ಉಣ್ಣುತ್ತಿರಲಿಲ್ಲವೆ?" ಎಂಬುದು ಇದೇ ಭ್ರಾಂತಿಯ ಇನ್ನೊಂದು ಮುಖ. ಸಾಮಾನ್ಯ ಬೇಸಿಗೆಯಲ್ಲಿ ಮಗು ಮನೆಯಲ್ಲಿದ್ದರೆ ತಾಯಿತಂದೆಯರು ಕೂಲಿಗೆ ಹೋಗಿರುತ್ತಾರೆ, ಸಂಜೆಗೆ ಕೈಯಲ್ಲಿ ನಾಲ್ಕು ಕಾಸು ಇರುತ್ತದೆ. 2020ರ ವಸಂತದಲ್ಲಿಯಾದರೋ ಮಗುವಿನ ಶಾಲೆಯ ಊಟವೂ ತಂದೆಯ ದಿನಗೂಲಿಯೂ ಒಂದೇ ವಾರದಲ್ಲಿ ನಿಂತುಹೋದುವು; ನಗರಕ್ಕೆ ದುಡಿಯಲು ಹೋಗಿದ್ದ ಅಣ್ಣನೂ ಬರಿಗೈಯಲ್ಲಿ ಮನೆಗೆ ಹಿಂದಿರುಗಿ, ಉಣ್ಣುವ ಬಾಯಿಗಳಲ್ಲಿ ಒಂದಾದನು. ಕಷ್ಟಕಾಲದ ರಜೆ ರಜೆಯಲ್ಲವೆಂಬುದನ್ನು ಇದೇ ನ್ಯಾಯಾಲಯವು 2004ರಲ್ಲಿಯೇ ಒಪ್ಪಿ, ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲಿಯೂ ಊಟ ಬಡಿಸಬೇಕೆಂದಿತ್ತು. 2024ರ ಬರದ ಬೇಸಿಗೆಯಲ್ಲಿ ನಮ್ಮ ರಾಜ್ಯದ ಶಾಲೆಗಳಲ್ಲಿ ರಜೆಯ ನಡುವೆಯೂ ಅಡಿಗೆ ನಡೆದುದನ್ನು ನಾವೆಲ್ಲ ಕಂಡಿದ್ದೇವೆ. ಮಳೆ ಬಾರದ ವರ್ಷಕ್ಕೆ ಒಪ್ಪುವ ನ್ಯಾಯವನ್ನು ರೋಗ ಬಂದ ವರ್ಷಕ್ಕೆ ನಿರಾಕರಿಸುವವರ ತರ್ಕ ನನಗೆ ತಿಳಿಯದು.

2020ರ ಮಳೆಗಾಲದಲ್ಲೊಂದು ದಿನ, ನನ್ನ ಸ್ನೇಹಿತರೊಬ್ಬರು ಮುಖ್ಯೋಪಾಧ್ಯಾಯರಾಗಿದ್ದ ಹಳ್ಳಿಯ ಶಾಲೆಯಲ್ಲಿ ಪಡಿ ಹಂಚುವುದನ್ನು ಕಣ್ಣಾರೆ ನೋಡಿದೆನು. ಅಂಗಳದಲ್ಲಿ ಸುಣ್ಣದ ಪುಡಿಯಿಂದ ಬರೆದ ವೃತ್ತಗಳೊಳಗೆ ತಾಯಂದಿರು ಸೆರಗನ್ನು ಮೂಗಿಗೆ ಕಟ್ಟಿಕೊಂಡು ನಿಂತಿದ್ದರು. ಒಬ್ಬೊಬ್ಬರ ಕೈಯಲ್ಲಿಯೂ ತೊಳೆದು ಒಣಗಿಸಿದ ಗೊಬ್ಬರದ ಚೀಲವೋ ಹಳೆಯ ಬಟ್ಟೆಯ ಕೈಚೀಲವೋ ಇದ್ದಿತು. ದಿನಕ್ಕೆ 100 ಗ್ರಾಮಿನಂತೆ, 24 ದಿನಕ್ಕೆ 2 ಕಿಲೋ 400 ಗ್ರಾಂ ಅಕ್ಕಿ. ಜೊತೆಗೆ ಒಂದಿಷ್ಟು ಬೇಳೆ. ತೂಕದ ಮುಳ್ಳು ನಿಲ್ಲುವವರೆಗೆ ಕಾದು, ಚೆಲ್ಲಿದ ನಾಲ್ಕು ಕಾಳನ್ನೂ ಬಳಿದು ಹಾಕಿ, ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದರು. ತಾಯಿಯ ಸೀರೆಯ ಹಿಂದೆ ನಿಂತಿದ್ದ ಎರಡನೆಯ ತರಗತಿಯ ಹುಡುಗಿಯೊಬ್ಬಳು ಬಾಗಿ, ಬೀಗ ಹಾಕಿದ್ದ ಅಡಿಗೆಕೋಣೆಯ ಕಡೆ ನೋಡಿ, "ಸಾ, ಹಾಲು ಕೊಡಲ್ವಾ ಸಾ?" ಎಂದಳು. ಸ್ನೇಹಿತರು ಉತ್ತರಿಸಲಾರದೆ ಪುಸ್ತಕದ ಮೇಲೆ ತಲೆ ಬಗ್ಗಿಸಿದರು.

ಇಲ್ಲಿ ಎದುರು ದಿಕ್ಕಿನ ಭ್ರಾಂತಿಯೊಂದನ್ನೂ ಹೇಳಬೇಕು. ಅಕ್ಕಿ ಕೊಟ್ಟರೆ ಊಟ ಕೊಟ್ಟಂತಾಯಿತೆಂದು ಅಧಿಕಾರಿಗಳಲ್ಲಿ ಹಲವರು ನಂಬಿದ್ದರು. ಶಾಲೆಯ ತಟ್ಟೆಯಲ್ಲಿ ಬೀಳುವ ಅನ್ನ ಆ ಮಗುವಿನದು. ಮನೆಯ ತಪ್ಪಲೆಯಲ್ಲಿ ಬೇಯುವ ಅನ್ನ ಮನೆಮಂದಿಯದು. ಐದಾರು ಜನರ ಮನೆಯಲ್ಲಿ ಆ ಎರಡೂವರೆ ಕಿಲೋ ಅಕ್ಕಿ ಎರಡು ದಿನ ಬಂದರೆ ಹೆಚ್ಚು. ತರಕಾರಿ, ಸಾರಿನ ಎಣ್ಣೆ, ಉಪ್ಪು, ಹುಳಿ, ಸೌದೆಗಳಿಗೆಂದು ಗೊತ್ತುಮಾಡಿದ್ದ ಖರ್ಚು 2020ರ ಏಪ್ರಿಲಿನಿಂದ ಕಿರಿಯ ತರಗತಿಗೆ ದಿನಕ್ಕೆ 4 ರೂಪಾಯಿ 97 ಪೈಸೆ. 2021ರ ಮೇ ತಿಂಗಳಲ್ಲಿ ಕೇಂದ್ರವು 11.8 ಕೋಟಿ ಮಕ್ಕಳಿಗೆ ಒಂದಾವರ್ತಿಯ ನೆರವೆಂದು ಪ್ರಕಟಿಸಿದ ಸುಮಾರು 1,200 ಕೋಟಿ ರೂಪಾಯಿಯನ್ನು ಹಂಚಿ ನೋಡಿದರೆ ತಲೆಗೆ ನೂರು ರೂಪಾಯಿ ಬರುತ್ತದೆ. ಒಣಪಡಿಯನ್ನು ನಾನು ಹಳಿಯುತ್ತಿಲ್ಲ. ಏನೂ ಇಲ್ಲದ ಕಡೆ ಅದು ಜೀವ ಉಳಿಸಿತು. ಅದನ್ನು ಊಟವೆಂದು ಕರೆಯಲು ಮಾತ್ರ ಒಪ್ಪಲಾರೆನು.

ಉಳಿದ ನಂಬಿಕೆಗಳಿಗೆ ಹೆಚ್ಚು ಮಾತು ಬೇಡ. ಅನ್ನದ ಮೂಲಕ ರೋಗ ಹರಡುವುದೆಂದರು: ಈ ವೈರಾಣು ಆಹಾರದಲ್ಲಿ ವೃದ್ಧಿಯಾಗದು, ಕುದಿಯುವ ಸಾರಿನ ತಾಪದಲ್ಲಿ ಉಳಿಯದು, ಅಪಾಯವಿದ್ದುದು ಒತ್ತಾಗಿ ಕೂಡುವುದರಲ್ಲಿ, ಅದಕ್ಕೆ ಪರಿಹಾರ ಅಂತರವೇ ಹೊರತು ಉಪವಾಸವಲ್ಲ. ಕೋಳಿಯಿಂದಲೂ ಮೊಟ್ಟೆಯಿಂದಲೂ ಕೊರೋನಾ ಬರುವುದೆಂಬ ಗಾಳಿಮಾತಿಗೆ ಆಧಾರ ಲವಲೇಶವೂ ಇರಲಿಲ್ಲ. ಆದರೂ ಅದರಿಂದ ಬೆಲೆ ನೆಲಕಚ್ಚಿ, ಗೋಕಾಕದ ಬಳಿ ಸಾಕಣೆದಾರರೊಬ್ಬರು ಸಾವಿರಾರು ಕೋಳಿಗಳನ್ನು ಜೀವಂತವಾಗಿ ಗುಂಡಿಗೆ ಹಾಕಿದರು. ಪಡಿಯನ್ನು ತಂದೆಯರು ಮಾರಿ ಕುಡಿಯುವರೆಂದರು: ಸಾಲಿನಲ್ಲಿ ನಿಂತಿದ್ದವರು ತಾಯಂದಿರೆಂಬುದನ್ನು ಅವರು ಬಂದು ನೋಡಿರಲಿಲ್ಲ.

ಕಷಾಯದ ಮಾತು ಇವೆಲ್ಲಕ್ಕಿಂತ ದುಃಖಕರ. ಶುಂಠಿ, ಮೆಣಸು, ಅಮೃತಬಳ್ಳಿಗಳಿಂದ 'ರೋಗನಿರೋಧಕ ಶಕ್ತಿ' ಬರುವುದೆಂದು ಊರಿಗೆ ಊರೇ ನಂಬಿ ದಿನಕ್ಕೆ ಮೂರು ಹೊತ್ತು ಕುಡಿಯುತ್ತಿದ್ದಾಗ, ಆ ಶಕ್ತಿಗೆ ನಿಜವಾದ ಆಧಾರವಾದ ಬೇಳೆ, ಹಾಲು, ಸೊಪ್ಪುಗಳು ಮಕ್ಕಳ ತಟ್ಟೆಯಿಂದ ಮಾಯವಾದುದನ್ನು ಯಾರೂ ಚರ್ಚಿಸಲಿಲ್ಲ. ಕುಪೋಷಣೆಯು ಸೋಂಕನ್ನು ಉಲ್ಬಣಗೊಳಿಸುವುದೆಂದೂ, ಸೋಂಕು ಕುಪೋಷಣೆಯನ್ನು ಆಳಗೊಳಿಸುವುದೆಂದೂ ವಿಶ್ವ ಆರೋಗ್ಯ ಸಂಸ್ಥೆಯು 1968ರಲ್ಲಿಯೇ ಗ್ರಂಥರೂಪವಾಗಿ ಪ್ರಕಟಿಸಿದೆ. ಸಾಂಕ್ರಾಮಿಕವು ಕಾಲಿಡುವ ಮುನ್ನ, 2019ರ ಉತ್ತರಾರ್ಧದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 35.4ರಷ್ಟು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಮೂರರಲ್ಲಿ ಒಂದಕ್ಕಿಂತ ಹೆಚ್ಚು. ಅವರೇ ಬೆಳೆದು ಶಾಲೆಯ ಮೆಟ್ಟಿಲು ಹತ್ತುವವರು. ಮೊಬೈಲಿನಲ್ಲಿ ಯಾರೋ ಕಳುಹಿಸಿದ ಕಷಾಯದ ಅಳತೆಯನ್ನು ಒಂದಕ್ಷರವೂ ಬಿಡದೆ ನಂಬುವ ನಮಗೆ, ಸರ್ಕಾರವೇ ಅಳೆದು ಅಚ್ಚುಹಾಕಿಸಿದ ಈ ಅಂಕಿಯನ್ನು ಓದುವ ವ್ಯವಧಾನವಿಲ್ಲ. ಮಾತು ನಮ್ಮ ಭಯಕ್ಕೋ ಅನುಕೂಲಕ್ಕೋ ಹೊಂದಿದರೆ ಸಾಕು, ಅದಕ್ಕೆ ಸಾಕ್ಷ್ಯವನ್ನು ಕೇಳುವುದಿಲ್ಲ. ಮನೆಯಲ್ಲಿರುವ ಮಗುವಿಗೆ ಮನೆಯಲ್ಲಿಯೇ ಊಟವೆಂಬುದೂ ಅಂಥ ಅನುಕೂಲದ ಮಾತು. ನಂಬಿದವನು ಮುಂದೆ ಏನನ್ನೂ ಮಾಡಬೇಕಾಗುವುದಿಲ್ಲ.

2021ರ ಅಕ್ಟೋಬರಿನ ಕೊನೆಗೆ ಚಿಕ್ಕ ತರಗತಿಗಳೂ ತೆರೆದ ಬಳಿಕ ಸ್ನೇಹಿತರ ಆ ಶಾಲೆಗೆ ಇನ್ನೊಮ್ಮೆ ಹೋಗಿದ್ದೆನು. ಅಡಿಗೆಯ ನಿಂಗಮ್ಮನವರು, ತಿಂಗಳಿಗೆ ಮೂರು ಸಾವಿರವೂ ಮುಟ್ಟದ ಗೌರವಧನದಲ್ಲಿ ವರ್ಷಗಳಿಂದ ದುಡಿಯುತ್ತಿದ್ದವರು, ಮರಳಿ ಅಡಿಗೆ ಹಿಡಿದ ಮೊದಲ ದಿನದ ಸಂಗತಿಯನ್ನು ಹೇಳಿದರು. ಹಾಜರಿ ಎಣಿಸಿ, ಹಳೆಯ ಅಂದಾಜಿನಲ್ಲಿಯೇ ಅಕ್ಕಿ ಅಳೆದು ಹಾಕಿದ್ದರಂತೆ. ಎರಡನೆಯ ಸಲ ಬಡಿಸುವ ಹೊತ್ತಿಗೇ ತಪ್ಪಲೆಯ ತಳ ಕಂಡಿತು. ಹಿಂದಿನ ಸಾಲಿನ ಮಕ್ಕಳು ತಟ್ಟೆ ಹಿಡಿದು ಕುಳಿತೇ ಇದ್ದರು. "ಅಳತೆ ತಪ್ಪಿರ್ಲಿಲ್ಲ ಸಾಮಿ, ನೂರು ಗ್ರಾಮ್ ಲೆಕ್ಕದಲ್ಲೇ ಹಾಕಿದ್ದೆ" ಎಂದು ಎರಡೆರಡು ಬಾರಿ ಹೇಳಿದರು. ಮೇಷ್ಟರನ್ನು ಕೇಳಲು ಹೋಗದೆ, ಅವರು ಮತ್ತೊಮ್ಮೆ ಎಸರಿಟ್ಟರಂತೆ.