ಮುಕ್ತಿವಾಹಿನಿಯಿಂದ ಅಕಾಲ್ ತಖ್ತ್‌ಗೆ

1984ರ ಜೂನ್ 5ರ ರಾತ್ರಿ ಅಮೃತಸರದ ಸ್ವರ್ಣಮಂದಿರದೊಳಕ್ಕೆ, ಅಲ್ಲಿ ಬೀಡುಬಿಟ್ಟಿದ್ದ ಸಿಖ್ ಉಗ್ರರನ್ನು ಹೊರಹಾಕಲು ನುಗ್ಗಿದ ಸೇನಾ ಕಮಾಂಡೊಗಳಲ್ಲಿ ಅನೇಕರಿಗೆ ಮೊದಲು ಗುಂಡು ತಗುಲಿದ್ದು ಕಾಲಿಗೆ. ಅಮೃತಶಿಲೆಯ ಗೋಡೆಯಲ್ಲಿ, ನೆಲದಿಂದ ಗೇಣೆತ್ತರದಲ್ಲೇ ಕಿಂಡಿ ಕೊರೆದು ಮೆಷಿನ್‌ಗನ್ ಇಡಲಾಗಿತ್ತು. ನಿಂತು ಓಡಿದರೆ ಕಾಲಿಗೆ ಏಟು, ತೆವಳಿದರೆ ತಲೆಗೇ. ಕಿಟಕಿಗಳಿಗೆ ಇಟ್ಟಿಗೆ, ಮರಳಿನ ಮೂಟೆ. ಸೈನಿಕ ಹೇಗೆ ಮುನ್ನುಗ್ಗುತ್ತಾನೆ ಎಂಬುದನ್ನು ಬಲ್ಲವನೊಬ್ಬ ಒಳಗಿದ್ದ. ಆತ ಭಾರತೀಯ ಸೇನೆಯ ಮಾಜಿ ಮೇಜರ್ ಜನರಲ್ ಶಾಬೇಗ್ ಸಿಂಗ್.

1971ರ ಬಾಂಗ್ಲಾ ವಿಮೋಚನಾ ಯುದ್ಧದಲ್ಲಿ ಇದೇ ವಿದ್ಯೆ ದೇಶದ ಕೆಲಸಕ್ಕೆ ಒದಗಿತ್ತು. ಆಗ ಬ್ರಿಗೇಡಿಯರ್ ಆಗಿದ್ದ ಶಾಬೇಗ್ ಅಗರ್ತಲಾ ಭಾಗದಲ್ಲಿ ಮುಕ್ತಿವಾಹಿನಿ ಸೇರಿದ ಬಂಗಾಳಿ ಯುವಕರಿಗೆ ಗೆರಿಲ್ಲಾ ತರಬೇತಿ ಕೊಟ್ಟರು. ಗುರುತು ಮರೆಸಿಕೊಳ್ಳಲು ಕೇಶ, ಗಡ್ಡ ತೆಗೆಸಿದರು. ಸಿಖ್ಖನೊಬ್ಬನಿಗೆ ಅದೆಷ್ಟು ದೊಡ್ಡ ತ್ಯಾಗವೆಂದು ಬಿಡಿಸಿ ಹೇಳಬೇಕಿಲ್ಲ. ಸರ್ಕಾರ ಪರಮ ವಿಶಿಷ್ಟ ಸೇವಾ ಪದಕ ನೀಡಿ ಗೌರವಿಸಿತು.

ಅದೇ ಸರ್ಕಾರ 1976ರಲ್ಲಿ, ನಿವೃತ್ತಿಗೆ ಒಂದೇ ದಿನ ಬಾಕಿಯಿದ್ದಾಗ, ಭ್ರಷ್ಟಾಚಾರದ ಆರೋಪ ಹೊರಿಸಿ ಅವರನ್ನು ವಜಾ ಮಾಡಿತು. ಸೇನಾ ನ್ಯಾಯಾಲಯದ ವಿಚಾರಣೆ ನಡೆಯಲಿಲ್ಲ, ಪಿಂಚಣಿಯೂ ಹೋಯಿತು. ಕೋರ್ಟು ಆರೋಪಮುಕ್ತಗೊಳಿಸಿದ್ದು 1984ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ ಅವರು ಸಿಖ್ ಉಗ್ರರ ನಾಯಕ ಭಿಂದ್ರನ್‌ವಾಲೆಯ ಸೇನಾ ಸಲಹೆಗಾರರಾಗಿದ್ದರು.

ಅನ್ಯಾಯವಾದದ್ದು ನಿಜ. ಆದರೆ ಭಕ್ತರು ತುಂಬಿದ ಗುಡಿಯನ್ನು ಕೋಟೆ ಮಾಡಿದ್ದಕ್ಕೆ ಆ ಅನ್ಯಾಯ ಸಮರ್ಥನೆಯಾಗದು. ಆ ವರ್ಷ ಗುರು ಅರ್ಜನ್ ದೇವರ ಬಲಿದಾನದ ದಿನ ಜೂನ್ 3ರಂದು ಬಂದಿತ್ತು. ಹೆಂಗಸರು, ಮಕ್ಕಳು ಸೇರಿದಂತೆ ಸಾವಿರಾರು ಯಾತ್ರಿಕರು ಒಳಗಿದ್ದರು. ಕಾರ್ಯಾಚರಣೆಗೆ ಆ ದಿನಗಳನ್ನೇ ಆರಿಸಿಕೊಂಡ ದೆಹಲಿಯೂ ಅವರ ಪ್ರಾಣದ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ.

ದಾಳಿಯ ನೇತೃತ್ವ ವಹಿಸಿದ್ದ ಮೇಜರ್ ಜನರಲ್ ಕುಲದೀಪ್ ಸಿಂಗ್ ಬ್ರಾರ್ ಕೂಡ ಸಿಖ್ಖರೇ. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲಘು ಪದಾತಿದಳದಿಂದ ಬಂದವರು. 1971ರಲ್ಲಿ ಅದರ ಮೊದಲ ಬೆಟಾಲಿಯನ್ನನ್ನು ಢಾಕಾದವರೆಗೆ ಮುನ್ನಡೆಸಿದ್ದರು. ಅಂದು ಪೂರ್ವ ಬಂಗಾಳದ ಒಂದೇ ಯುದ್ಧಕ್ಕಾಗಿ ದುಡಿದ ಇಬ್ಬರು ಹದಿಮೂರು ವರ್ಷಗಳಲ್ಲಿ ಎದುರುಬದುರಾದರು.

ಕಾಲಾಳುಗಳಿಂದ ಕೆಲಸ ಆಗದಿದ್ದಾಗ ವಿಜಯಂತ ಟ್ಯಾಂಕುಗಳು ಒಳಬಂದವು. ಅವುಗಳ ಗುಂಡಿಗೆ ಸಿಖ್ಖರ ಪರಮೋಚ್ಚ ಪೀಠ ಅಕಾಲ್ ತಖ್ತ್ ಛಿದ್ರವಾಯಿತು. ಶಾಬೇಗ್ ಸಿಂಗ್ ಶವ ಸಿಕ್ಕಿದ್ದು ಅದರ ನೆಲಮಾಳಿಗೆಯಲ್ಲಿ. ಸತ್ತ ಸೈನಿಕರು 83, ಉಗ್ರರು ಮತ್ತು ನಾಗರಿಕರು ಸೇರಿ 493 ಎಂದು ಸರ್ಕಾರದ ಶ್ವೇತಪತ್ರ ಹೇಳಿತು. ಇವರಲ್ಲಿ ಉಗ್ರರೆಷ್ಟು, ಯಾತ್ರಿಕರೆಷ್ಟು ಎಂದು ಅದು ಬಿಡಿಸಿ ಕೊಡಲಿಲ್ಲ. ಸಿಖ್ ಸಂಘಟನೆಗಳು ಆ ಲೆಕ್ಕವನ್ನು ಒಪ್ಪಿಯೂ ಇಲ್ಲ.